ಮುಟ್ಟಲು ಸಿಗದ ಸ್ಟಾಕು

“ಲೈಸೆನ್ಸು ಲೈಸೆನ್ಸು ಅಂತೀಯಲ್ಲಮ್ಮ, ಅದು ಎಲ್ಲೈತೆ? ತೋರ್ಸು ನೋಡಾಣ,” ಅಂದರು ಸ್ಟೋರ್ ಸಾಹೇಬರು.

ನಾನು ಕಂಪ್ಯೂಟರಿನ ಪರದೆಯ ಕಡೆ ಕೈ ತೋರಿಸಿದೆ.

“ಅದು ಟಿವಿ ಇದ್ದಂಗೈತೆ. ಲೈಸೆನ್ಸ್ ಎಲ್ಲಿ?”

ಮೇಜಿನ ಕೆಳಗಿದ್ದ ಪೆಟ್ಟಿಗೆ ತೋರಿಸಿದೆ. ಅವರು ಬಗ್ಗಿ ಅದನ್ನು ಬೆರಳಿನಿಂದ ತಟ್ಟಿ ನೋಡಿದರು. “ಇದ್ರೊಳಗೈತಾ?”

“ಇದ್ರೊಳಗೂ ಇಲ್ಲ ಸರ್. ಅದು ವಸ್ತು ಅಲ್ಲ. ಉಪಯೋಗಿಸ್ಕಳ್ರಿ ಅಂತ ಕಂಪನಿಯವ್ರು ಕೊಡೋ ಒಪ್ಪಿಗೆ. ಎಷ್ಟು ಜನಕ್ಕೆ ಒಪ್ಪಿಗೆ ಐತೆ ಅನ್ನೋದು ಅವ್ರ ಕಂಪ್ಯೂಟರ್‌ನಾಗೆ ಇರ್ತೈತೆ.”

“ಅಂದ್ರೆ ವರ್ಷ ವರ್ಷ ದುಡ್ಡು ಕೊಟ್ಟು ತಗಳ್ಳೋ ಮಾಲು ನಮ್ಮತ್ರ ಇಲ್ಲ.”

“ಇಲ್ಲ ಸರ್,” ಅಂದೆ. ಆರು ವರ್ಷದಿಂದ ಅದೇ ಕೆಲಸ ಮಾಡಿಕೊಂಡಿದ್ದ ನನಗೆ ನನ್ನ ಉತ್ತರವೇ ಅವತ್ತು ವಿಚಿತ್ರವಾಗಿ ಕೇಳಿಸಿತು.

ನಾನು ಆಗ ಚಿತ್ರದುರ್ಗದಲ್ಲಿ, ಸರ್ಕಾರಿ ಆರೋಗ್ಯ ಸೇವೆಯ ಒಂದು ಕಚೇರಿಯಲ್ಲಿ, ಗುತ್ತಿಗೆಯ ಮೇಲೆ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಹುಟ್ಟಿದ್ದು ಹರಿಯಬ್ಬೆಯಲ್ಲಿ, ಡಿಪ್ಲೊಮಾ ಮುಗಿಸಿದ್ದು ಚಿತ್ರದುರ್ಗದಲ್ಲಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಒಂದಷ್ಟು ಆಸ್ಪತ್ರೆಗಳು ನಮ್ಮ ಕಚೇರಿಯ ಕೆಳಗೆ ಬರುತ್ತಿದ್ದವು. ಎಲ್ಲ ಕಡೆಯೂ ಒಂದೇ ಸಾಫ್ಟ್‌ವೇರ್. ರೋಗಿ ಬಂದು ಚೀಟಿ ಮಾಡಿಸುವುದರಿಂದ ಹಿಡಿದು ರಕ್ತಪರೀಕ್ಷೆ, ಮಾತ್ರೆ, ಹೆರಿಗೆ, ಮನೆಗೆ ಕಳಿಸುವುದು, ಎಲ್ಲವೂ ಅದರಲ್ಲೇ ನಮೂದಾಗಬೇಕು. ಯಾವ ಆಸ್ಪತ್ರೆಯಲ್ಲಿ ಏನು ನಡೆಯಿತು ಎಂಬುದನ್ನು ಬೇಕೆಂದೇ ಮಸುಕಾಗಿ ಬರೆಯುತ್ತಿದ್ದೇನೆ. ಅಲ್ಲಿ ಕೆಲಸ ಮಾಡುವವರು ಇವತ್ತಿಗೂ ಅಲ್ಲೇ ಇದ್ದಾರೆ.

ಆ ಸಾಫ್ಟ್‌ವೇರ್ ಬಳಸಲು ತಲೆಗೊಂದು ಲೈಸೆನ್ಸ್ ಬೇಕಿತ್ತು. ಪ್ರತಿ ವರ್ಷ ಅದನ್ನು ನವೀಕರಿಸಬೇಕು. ಕಂಪನಿಯವರು ಸಿಬ್ಬಂದಿ ಪಟ್ಟಿ ಕೇಳುತ್ತಾರೆ, ನಾವು ಕಳಿಸುತ್ತೇವೆ, ಅವರು ತಲೆ ಎಣಿಸಿ ಕೊಟೇಶನ್ ಕಳಿಸುತ್ತಾರೆ. ಹಿಂದಿನ ಐದು ವರ್ಷವೂ ಆ ಪಟ್ಟಿ ಕಳಿಸಿದವಳು ನಾನೇ. ಹಳೆಯ ಪಟ್ಟಿ ತೆರೆದು, ಹೊಸದಾಗಿ ಬಂದವರ ಹೆಸರು ಕೆಳಗೆ ಸೇರಿಸಿ, ಕಳಿಸಿಬಿಡುತ್ತಿದ್ದೆ. ಹೆಸರು ಬಿಟ್ಟುಹೋದರೆ ಯಾರಾದರೂ ಬಯ್ಯುತ್ತಾರೆ, ಜಾಸ್ತಿಯಾದರೆ ಯಾರೂ ಬಯ್ಯುವುದಿಲ್ಲ. ನನ್ನ ಬುದ್ಧಿ ಅಷ್ಟರಲ್ಲೇ ಇತ್ತು.

ಆ ವರ್ಷ ನಮಗೆ ಹೊಸ ಮೇಲಧಿಕಾರಿ ಬಂದಿದ್ದರು. ಡಾಕ್ಟರಮ್ಮ. ಕೊಟೇಶನ್ನಿನ ಮೊತ್ತ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದಕ್ಕೆ ಇಷ್ಟು ಕೊಟ್ರೆ ರಕ್ತಪರೀಕ್ಷೆಗೆ ಬೇಕಾದ ದ್ರಾವಣ ಏನ್ ಕೊಟ್ಟು ತರ್ಲಿ? ಇಷ್ಟೂ ಬೇಕೇ ಬೇಕೇನಮ್ಮ?”

“ಗೊತ್ತಿಲ್ಲ ಮೇಡಂ.”

ಬಯ್ಯುತ್ತಾರೆ ಎಂದುಕೊಂಡು ತಲೆ ತಗ್ಗಿಸಿ ನಿಂತೆ. ಅವರು ಬಯ್ಯಲಿಲ್ಲ. “ಗೊತ್ತಿಲ್ಲ ಅಂದಿದ್ದು ಒಳ್ಳೇದಾಯ್ತು. ತಿಂಗಳ ಕೊನೆವರೆಗೂ ಟೈಮ್ ಇದೆ. ಒಂದೊಂದು ಆಸ್ಪತ್ರೆಗೂ ಹೋಗಿ ಕಣ್ಣಾರೆ ನೋಡ್ಕೊಂಡು ಬಾ. ಸ್ಟೋರ್ ಸಾಹೇಬ್ರನ್ನೂ ಕರ್ಕೊಂಡು ಹೋಗು,” ಅಂದರು.

ಸ್ಟೋರ್ ಸಾಹೇಬರು ಎಂದರೆ ನಮ್ಮ ಉಗ್ರಾಣದ ಸೂಪರಿಂಟೆಂಡೆಂಟ್. ನಿವೃತ್ತಿಗೆ ಒಂದು ವರ್ಷ ಬಾಕಿ ಇತ್ತು. ಅವರ ಮನೆತನದವರು ತಲೆತಲಾಂತರದಿಂದ ಕೋಟೆಯ ಕೆಳಗಿನ ಬೀದಿಯಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಸರ್ಕಾರಿ ಕೆಲಸಕ್ಕೆ ಸೇರಿದ ಮೊದಲಿಗರು ಇವರೇ. ಜೇಬಿನಲ್ಲಿ ಎರಡು ಪೆನ್ನು, ಚೀಲದಲ್ಲಿ ಒಂದು ಟಾರ್ಚು, ಒಂದು ಡಬ್ಬಿ ಸೀಮೆಸುಣ್ಣ. ವರ್ಷಕ್ಕೊಮ್ಮೆ ಸ್ಟಾಕ್ ನೋಡಲು ಹೋದಾಗ, ಕೈಯಿಟ್ಟು ಮುಟ್ಟಿ ಸೀಮೆಸುಣ್ಣದ ಗೀಟು ಎಳೆಯದ ಮಂಚಕ್ಕೆ ಅವರು ಪುಸ್ತಕದಲ್ಲಿ ಗುರುತು ಹಾಕುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಒಂದೇ ಬೆರಳಿನಿಂದ, ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದರು. ಇವರನ್ನು ಕಟ್ಟಿಕೊಂಡು ನಾನೇನು ಮಾಡಲಿ ಎಂದು ಒಳಗೊಳಗೇ ಬೇಸರವಾಯಿತು. ಮೊದಲಿಗೆ ಬರೆದ, ಲೈಸೆನ್ಸ್ ಎಲ್ಲಿ ಎಂಬ ಪ್ರಶ್ನೆ ಅವರು ಕೇಳಿದ್ದು ಹೊರಡುವ ಹಿಂದಿನ ದಿನ.

ಮೊದಲ ದಿನ ಹಿರಿಯೂರಿನ ಬಸ್ಸು ಹತ್ತಿದೆವು. ಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಸಾಹೇಬರು ಚೀಲದಿಂದ ಒಂದು ಕಡತ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಓದತೊಡಗಿದರು. ಕಂಪನಿಯೊಂದಿಗೆ ನಮ್ಮ ಕಚೇರಿ ಮಾಡಿಕೊಂಡಿದ್ದ ಕರಾರುಪತ್ರ ಅದು. ಸಣ್ಣ ಅಕ್ಷರದ ಇಂಗ್ಲಿಷ್, ಪುಟದ ಮೇಲೆ ಪುಟ. ಅದರಲ್ಲಿ ನಾನು ನೋಡಿದ್ದು ಸಹಿ ಇರುವ ಕೊನೆಯ ಪುಟವೊಂದೇ. ಅವರು ಮೊದಲ ಪುಟದಿಂದ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಬಸ್ಸು ಕುಲುಕಿ ಸಾಲು ತಪ್ಪಿದರೆ ಮತ್ತೆ ಹಿಂದಕ್ಕೆ ಹೋಗುತ್ತಿದ್ದರು.

“ಅದೆಲ್ಲ ವಕೀಲರ ಭಾಷೆ ಸರ್, ತಲೆಗೆ ಹತ್ತಲ್ಲ,” ಅಂದೆ.

“ಹತ್ತೋವರ್ಗೂ ಓದೋದಮ್ಮ. ಬರ್ದಿರೋದು ನಮಗೇ ಅಲ್ವಾ,” ಅಂದರು.

ಮೊದಲ ಆಸ್ಪತ್ರೆಯಲ್ಲಿ ಅವರು ಮಾಡಿದ್ದು ನೋಡಿ ಅಲ್ಲಿನವರು ನಕ್ಕರು. ಕಂಪ್ಯೂಟರಿನ ಪೆಟ್ಟಿಗೆಯನ್ನು ಗೋಡೆಯಿಂದ ಈಚೆಗೆ ಎಳೆದು, ನೆಲದ ಮೇಲೆ ಮಂಡಿಯೂರಿ, ಟಾರ್ಚ್ ಬಿಟ್ಟು ಹಿಂಭಾಗ ನೋಡಿದರು. ಧೂಳು ಒರೆಸಿದರು.

“ಇಲ್ಲೇನೋ ಚೀಟಿ ಅಂಟ್ಸವ್ರೆ. ಓದಮ್ಮ, ನಂಗೆ ಕಾಣಲ್ಲ.”

ನಾನೂ ಪಕ್ಕದಲ್ಲಿ ಮಂಡಿಯೂರಿದೆ. ಆ ಯಂತ್ರ ನಡೆಯಲು ಬೇಕಾದ ಮೂಲ ಸಾಫ್ಟ್‌ವೇರಿನ ಲೈಸೆನ್ಸ್ ಚೀಟಿ ಅದು. ಯಂತ್ರ ಕೊಂಡಾಗಲೇ ಅದರ ಬೆಲೆಯಲ್ಲಿ ಸೇರಿ ಬಂದದ್ದು. ಕೊಟೇಶನ್ನಿನ ಮೂರನೆಯ ಪುಟದಲ್ಲಿ ಅದನ್ನೇ ಇನ್ನೊಂದು ಸಲ, ಎಲ್ಲ ಯಂತ್ರಗಳಿಗೂ ಸೇರಿಸಿ, ಕೊಳ್ಳಬೇಕೆಂದು ಬರೆದಿತ್ತು. ಅಂಥ ಚೀಟಿಗಳು ಇರುತ್ತವೆಂದು ನನಗೆ ಗೊತ್ತಿತ್ತು. ಪರೀಕ್ಷೆಗೆ ಓದಿ ಬರೆದೂ ಇದ್ದೆ. ಆದರೆ ಅದಕ್ಕೂ ನನ್ನ ಮೇಜಿನ ಮೇಲಿದ್ದ ಕೊಟೇಶನ್ನಿಗೂ ಸಂಬಂಧ ಇದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಸಾಹೇಬರು ಪೆಟ್ಟಿಗೆಯ ಪಕ್ಕಕ್ಕೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದರು. ಮಂಚಕ್ಕೆ ಎಳೆಯುವ ಹಾಗೆಯೇ.

ಆಮೇಲೆ ಒಂದು ಸ್ಟೂಲು ಕೇಳಿ ತರಿಸಿಕೊಂಡು ಚೀಟಿ ಕೌಂಟರಿಗೂ ಲ್ಯಾಬಿಗೂ ನಡುವೆ ಕುಳಿತರು. ಬೆಳಗ್ಗೆ ಕುಳಿತವರು ಊಟಕ್ಕೂ ಏಳಲಿಲ್ಲ.

“ಏನ್ ನೋಡ್ತಿದೀರಾ ಸರ್?”

“ಯಾರು ಬಂದು ಕುಂತ್ಕಂತಾರೆ, ಯಾರು ಏಳ್ತಾರೆ ಅಂತ. ನೀನೂ ಕುಂತ್ಕ.”

ಬೇರೆ ದಾರಿಯಿಲ್ಲದೆ ಕುಳಿತೆ. ಅಲ್ಲಿಯವರೆಗೂ ನಾನು ಆಸ್ಪತ್ರೆಗಳಿಗೆ ಹೋಗುತ್ತಿದ್ದದ್ದು ಯಂತ್ರ ಕೆಟ್ಟಾಗ ಮಾತ್ರ. ಯಂತ್ರ ಕೆಡದೆ ಕೆಲಸ ಮಾಡುವಾಗ ಅಲ್ಲಿ ಏನಾಗುತ್ತದೆಂದು ನೋಡಿಯೇ ಇರಲಿಲ್ಲ. ಅವತ್ತು ಒಬ್ಬ ಕೂಲಿಯಾಳು ಕಾಲಿಗೆ ಗುದ್ದಲಿ ಬಿದ್ದು ಬಂದ. ಹೆಂಡತಿಯ ಹೆಗಲು ಹಿಡಿದು ಕುಂಟುತ್ತಿದ್ದ. ಚೀಟಿ ಬರೆಯುವವರು ಅವನ ಹೆಸರು ಒತ್ತಿದರು. ಅವನು ಆ ಉದ್ದದ ಪಡಸಾಲೆ ದಾಟಿ ಡ್ರೆಸ್ಸಿಂಗ್ ಕೋಣೆ ಮುಟ್ಟುವ ಮೊದಲೇ ಅವನ ಹೆಸರು ಅಲ್ಲಿ ಬಂದು ನಿಂತಿತ್ತು. ಹೊಲಿಗೆ ಹಾಕುತ್ತಿದ್ದಾಗಲೇ ಔಷಧಿ ಕಿಟಕಿಯಲ್ಲಿ ಅವನ ಮಾತ್ರೆಗಳನ್ನು ಎಣಿಸಿ ಇಟ್ಟಿದ್ದರು. ಸಕ್ಕರೆ ಕಾಯಿಲೆ ಇರುವುದು ರಕ್ತಪರೀಕ್ಷೆಯಲ್ಲಿ ಗೊತ್ತಾಗಿ ಡಾಕ್ಟರರ ಪರದೆಯ ಮೇಲೆ ಕೆಂಪಾಗಿ ಬಂತು. ತನಗೆ ಆ ಕಾಯಿಲೆ ಇದೆಯೆಂದು ಅವನಿಗೆ ಅವತ್ತಿನವರೆಗೆ ಗೊತ್ತೇ ಇರಲಿಲ್ಲ. ಕಾಲಿಗೆ ಬಂದವನು ಸಕ್ಕರೆಗೂ ಮಾತ್ರೆ ತೆಗೆದುಕೊಂಡು ಹೋದ. ಆ ಯಂತ್ರಗಳಿಗೆ ತಂತಿ ಜೋಡಿಸಿದವಳು ನಾನು. ಆದರೂ ಮೊದಲ ಸಲ ಕಡಲು ನೋಡಿದವಳಂತೆ ಬಾಯಿ ಬಿಟ್ಟುಕೊಂಡು ಕುಳಿತಿದ್ದೆ.

ಎರಡು ದಿನ ಬಿಟ್ಟು ಧರ್ಮಪುರದ ಕಡೆ ಹೋದೆವು. ಎರಡೂ ಬದಿ ಕಡ್ಲೆಕಾಯಿ ಹೊಲ. ಅಲ್ಲಿನ ಪುಟ್ಟ ಆಸ್ಪತ್ರೆಯೊಂದರಲ್ಲಿ ಔಷಧಿ ಕೊಡುವ ಹೆಂಗಸೇ ಪತ್ರ ವ್ಯವಹಾರವನ್ನೂ ನೋಡಿಕೊಳ್ಳುತ್ತಿದ್ದರು. ಪತ್ರ ಬರೆಯಲು, ಪಟ್ಟಿ ಮಾಡಲು ಬೇಕಾದ ದುಬಾರಿ ಸಾಫ್ಟ್‌ವೇರಿಗೆ ನಾವು ಅವರ ಲೆಕ್ಕದಲ್ಲೂ ಹಣ ಕಟ್ಟುತ್ತಿದ್ದೆವು. ಅವರ ಕಂಪ್ಯೂಟರಿನಲ್ಲಿ ನೋಡಿದರೆ ಅದು ಇರಲೇ ಇಲ್ಲ.

“ಅದು ಕೆಟ್ಟು ವರ್ಷಾನುಗಟ್ಲೆ ಆತು ಮೇಡಂ. ನಾನೇ ಬ್ಯಾರೆ ಹಾಕ್ಕಂಡೀನಿ. ಊರ್ಕೇನೇ ಸಿಕ್ತೈತೆ, ಒಂದ್ ರೂಪಾಯೂ ಕೊಡಂಗಿಲ್ಲ,” ಅಂದರು.

“ನಮ್ಗೆ ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಳಿಲ್ಲ. ನಮ್ ಪತ್ರ ಎಲ್ಲಾ ಅದ್ರಾಗೇ ಬರ್ತಿದ್ವಲ್ಲ, ನಿಮಗೆ ಗೊತ್ತಾಗ್ಲಿಲ್ವಾ?”

ಗೊತ್ತಾಗಿರಲಿಲ್ಲ. ಅವರ ಪತ್ರಗಳು ನಮ್ಮ ಕಚೇರಿಗೆ ಬರುವ ಪತ್ರಗಳಲ್ಲೇ ಅಚ್ಚುಕಟ್ಟಾದವು. ಯಾರಿಗೂ ಹೇಳದೆ, ಯಾರಿಂದಲೂ ಕಲಿಯದೆ, ಸುಡು ಬಿಸಿಲಿನ ಆ ಮೂಲೆಯಲ್ಲಿ ಕುಳಿತು ಆಕೆ ಕನ್ನಡದ ಅಕ್ಷರ ಜೋಡಣೆಯನ್ನೂ ಅದರಲ್ಲಿ ಸರಿಮಾಡಿಕೊಂಡಿದ್ದರು. ಪತ್ರ ಬರೆಯುವುದಕ್ಕಷ್ಟೇ ಕಂಪ್ಯೂಟರ್ ಬಳಸುವವರಿಗೆ ಇದೇ ಸಾಕು ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹೇಗೆ ಹಾಕುವುದೆಂದು ಆಕೆಯಿಂದಲೇ ಹೇಳಿಸಿಕೊಂಡೆ. ಸಾಹೇಬರು ಮಾತ್ರ ದೊಡ್ಡವರ ಮನೆಗೆ ಬಂದವರಂತೆ ಕೈಕಟ್ಟಿ ನಿಂತು ಕೇಳುತ್ತಿದ್ದರು.

ಮೂರನೆಯ ವಾರ ಒಂದು ಆಸ್ಪತ್ರೆಗೆ ಹೋದೆವು. ಅದು ಯಾವ ಊರಿನದೆಂದು ಹೇಳುವುದಿಲ್ಲ. ಅಲ್ಲಿ ಹೆರಿಗೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಎದುರು ಕುಳಿತು ಸಾಹೇಬರು ನನ್ನ ಪಟ್ಟಿಯ ಹೆಸರುಗಳನ್ನು ಒಂದೊಂದಾಗಿ ಕೂಗುತ್ತ ಹೋದರು.

“ಇವ್ರು?”

“ಟ್ರಾನ್ಸ್‌ಫರ್ ಆಗಿ ಹೋದ್ರು ಸರ್.”

“ಇವ್ರು?”

“ರಿಟೈರ್ಡ್.”

“ಇವ್ರು?”

“ಮದುವೆ ಆಗಿ ಕೆಲಸ ಬಿಟ್ರು.”

ವರ್ಷಗಳಿಂದ ನಾನು ಸೇರಿಸುತ್ತ ಬಂದಿದ್ದ, ಒಮ್ಮೆಯೂ ತೆಗೆಯದ ಹೆಸರುಗಳು ಅವು. ಇನ್ನೊಂದು ಹೆಸರು ಕೂಗಿದಾಗ ಮಾತ್ರೆ ಜೋಡಿಸುತ್ತಿದ್ದ ಚಿಕ್ಕ ವಯಸ್ಸಿನ ನರ್ಸ್ ಕೈ ನಿಲ್ಲಿಸಿದಳು.

“ಅವ್ರು ತೀರ್ಕೊಂಡು ಎರಡು ವರ್ಷ ಆಯ್ತು ಸರ್,” ಎಂದರು ಸಿಸ್ಟರ್.

ನಾನು ಪರದೆ ನೋಡಿದೆ. “ಆದ್ರೆ ಇವತ್ತು ಬೆಳಗ್ಗೆ ಏಳಕ್ಕೆ ಈ ಹೆಸರಿನಾಗೆ ಲಾಗಿನ್ ಆಗೈತೆ ಸಿಸ್ಟರ್.”

ಸಿಸ್ಟರ್ ನಡೆದದ್ದೆಲ್ಲ ಹೇಳಿದರು. ತೀರಿಕೊಂಡವರು ಆ ವಾರ್ಡಿನಲ್ಲಿ ಬಹಳ ವರ್ಷ ಇದ್ದವರು. ಅವಸರದ ಹೆರಿಗೆ ಬಂದಾಗ ಯಾರೂ ಕಂಪ್ಯೂಟರ್ ಮುಂದೆ ಸಿಕ್ಕಿಹಾಕಿಕೊಳ್ಳಬಾರದೆಂದು ತಮ್ಮ ಪಾಸ್‌ವರ್ಡನ್ನು ಬೀರುವಿನ ಬಾಗಿಲ ಒಳಗಡೆ ಬರೆದಿಟ್ಟಿದ್ದರು. ಕಳೆದ ನವೀಕರಣದ ಪಟ್ಟಿ ಹೋದ ಮೇಲೆ ಬಂದ ಮೂವರು ನರ್ಸುಗಳಿಗೆ ಸ್ವಂತ ಲಾಗಿನ್ ಸಿಗಲೇ ಇಲ್ಲ. ಕೇಳಿದಾಗಲೆಲ್ಲ ‘ಲೈಸೆನ್ಸ್ ಖಾಲಿ ಇಲ್ಲ’ ಎಂದು ನಮ್ಮ ಕಚೇರಿಯಿಂದ ಉತ್ತರ ಹೋಗಿತ್ತು. ಆ ಉತ್ತರ ಕಳಿಸಿದವಳೂ ನಾನೇ. ಅಲ್ಲಿಲ್ಲದವರ ಹೆಸರುಗಳು ಜಾಗ ತುಂಬಿಕೊಂಡಿದ್ದರಿಂದ ಅಲ್ಲಿದ್ದವರು ಸತ್ತವರ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದರು.

“ಇದು ತಪ್ಪು ಅಂತ ಗೊತ್ತು ಸರ್. ಔಷಧಿ ಕೊಟ್ಟೋರು ಯಾರು ಅಂತ ನಾಳೆ ಯಾರಾದ್ರೂ ಕೇಳಿದ್ರೆ ಏನಂತ ಹೇಳ್ಲಿ? ಆದ್ರೆ ರೋಗಿ ಬಂದಾಗ ಏನ್ ಮಾಡಾಣ?” ಎಂದರು ಸಿಸ್ಟರ್.

ಸಾಹೇಬರು ನನ್ನ ಕಡೆ ತಿರುಗಿ, “ಸರಿ ಮಾಡಮ್ಮ,” ಅಂದರು ಅಷ್ಟೇ.

ಆಗ ಚಿಕ್ಕ ನರ್ಸ್ ಕೇಳಿದಳು: “ಅವ್ರ ಹೆಸರು ಅಳಿಸ್ಬಿಡ್ತೀರಾ ಮೇಡಂ? ದಿನಾ ಬೆಳಗ್ಗೆ ಅವ್ರ ಹೆಸರು ಒತ್ತಿನೇ ನಾನು ಕೆಲಸ ಶುರು ಮಾಡೋದು. ನಾನು ಅವ್ರನ್ನ ನೋಡೇ ಇಲ್ಲ. ಆದ್ರೂ…”

ಅಷ್ಟರಲ್ಲಿ ಒಬ್ಬ ಬಸುರಿ ಹೆಂಗಸು ಅತ್ತೆಯ ಜೊತೆ ಬಂದಳು. ಎರಡನೆಯ ಬಸಿರು. ಹಳೆಯ ತಾಯಿ ಕಾರ್ಡ್ ಎಲ್ಲೋ ಕಳೆದುಹೋಗಿತ್ತು. ಚಿಕ್ಕ ನರ್ಸ್ ಅವಳ ಫೋನ್ ನಂಬರು ಹಾಕಿ ಹುಡುಕಿದಳು. ಮೂರು ವರ್ಷದ ಹಿಂದಿನ ಮೊದಲ ಹೆರಿಗೆಯ ದಾಖಲೆ ತೆರೆದುಕೊಂಡಿತು. ರಕ್ತದ ಗುಂಪು ನೆಗೆಟಿವ್. ಮಗುವಿನದು ಪಾಸಿಟಿವ್. ಮುಂದಿನ ಮಗುವಿಗೆ ತೊಂದರೆಯಾಗದಿರಲೆಂದು ಹೆರಿಗೆಯಾದ ಮೇಲೆ ಕೊಡಬೇಕಾದ ಚುಚ್ಚುಮದ್ದು ಕೊಟ್ಟಿದ್ದ ದಿನ, ಹೊತ್ತು. ಅದರ ಕೆಳಗೆ ಯಾರೂ ಬರೆಯಬೇಕಿಲ್ಲದ ಜಾಗದಲ್ಲಿ ಒಂದು ಸಾಲು: ‘ಮುಂದಿನ ಬಸಿರಿನಲ್ಲಿ ಬಂದರೆ ಮೊದಲೇ ಡಾಕ್ಟರಿಗೆ ತಿಳಿಸಿ, ಈಕೆ ತಾನಾಗಿ ಹೇಳುವುದಿಲ್ಲ, ಬಹಳ ನಾಚಿಕೆ.’ ಬರೆದವರ ಹೆಸರು ಪಕ್ಕದಲ್ಲಿತ್ತು. ಅದೇ ಹೆಸರು.

ಆ ಹೆಂಗಸು ಸೆರಗು ಬಾಯಿಗೆ ಅಡ್ಡ ಹಿಡಿದು, ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತ, ನಿಜಕ್ಕೂ ಏನೂ ಹೇಳದೆ ಕುಳಿತಿದ್ದಳು. ಎರಡು ವರ್ಷದ ಹಿಂದೆ ಮಣ್ಣಾದವರು ಅವಳ ಪರವಾಗಿ ಮಾತಾಡಿದ್ದರು. ಸಿಸ್ಟರ್ ಆ ಸಾಲು ಓದಿ ಎದ್ದು ಡಾಕ್ಟರರ ಹತ್ತಿರ ಹೋದರು.

ಅವರು ವಾಪಸು ಬಂದ ಮೇಲೆ ನಾನು ಚಿಕ್ಕ ನರ್ಸಿಗೆ ಹೇಳಿದೆ: “ಇದು ಅಳಿಯಲ್ಲ ಕಣಮ್ಮ. ಅವ್ರ ಹೆಸರಿನಾಗೆ ಇನ್ಮೇಲೆ ಯಾರೂ ಒಳಗೆ ಹೋಗಂಗಿಲ್ಲ, ಅಷ್ಟೇ. ಅವ್ರು ಬರೆದಿದ್ದೆಲ್ಲ ಅವ್ರ ಹೆಸರಿನಾಗೇ ಇರ್ತೈತೆ.”

ಲಾಗಿನ್ ಮುಚ್ಚುವ ಬಟನ್ ಒತ್ತಲು ಹೊರಟಾಗ ಸಿಸ್ಟರ್, “ನಾನು ಒತ್ತಲಾ?” ಅಂದರು. ಒತ್ತಿದರು. ಬಿಟ್ಟುಹೋದವರ ಜಾಗದಲ್ಲಿ ಉಳಿದಿಬ್ಬರಿಗೆ, ಈ ಜಾಗದಲ್ಲಿ ಚಿಕ್ಕ ನರ್ಸಿಗೆ ಲಾಗಿನ್ ಮಾಡಿಕೊಟ್ಟೆ. ಪರದೆಯ ಮೇಲೆ ತನ್ನ ಹೆಸರು ಬಂದದ್ದನ್ನು ಅವಳು ಮೆಲ್ಲಗೆ, ಬೇರೆ ಯಾರದೋ ಹೆಸರು ಓದುವವಳಂತೆ ಓದಿದಳು. ಆಮೇಲೆ ಬೀರುವಿನ ಬಾಗಿಲು ತೆರೆದು ಸ್ಪಿರಿಟ್ ಹತ್ತಿಯಿಂದ ಪಾಸ್‌ವರ್ಡ್ ಒರೆಸಿದಳು.

ಕೊನೆಯ ಸುತ್ತು ಹೊಳಲ್ಕೆರೆಯ ಕಡೆ. ಅಲ್ಲಿಂದ ಚಿತ್ರದುರ್ಗಕ್ಕೆ ಮರಳುವ ಬಸ್ಸಿನಲ್ಲಿ ಸಾಹೇಬರು ಕರಾರುಪತ್ರದ ಮೂಲೆ ಮಡಚಿದ್ದ ಪುಟ ತೆರೆದು ನನ್ನ ಮುಂದೆ ಹಿಡಿದರು.

“ಇದನ್ನ ಸ್ವಲ್ಪ ಓದು. ನಂಗೆ ಅರ್ಥ ಆಗಿರೋದು ಸರೀನಾ ನೋಡು.”

ಓದಿದೆ. ಇನ್ನೊಮ್ಮೆ ಓದಿದೆ. ಲೈಸೆನ್ಸನ್ನು ಎರಡು ರೀತಿಯಲ್ಲಿ ಕೊಳ್ಳಬಹುದು ಎಂದು ಅಲ್ಲಿ ಬರೆದಿತ್ತು. ಹೆಸರಿಗೊಂದರಂತೆ ಕೊಳ್ಳಬಹುದು, ಇಲ್ಲವೇ ಒಂದೇ ಹೊತ್ತಿನಲ್ಲಿ ಎಷ್ಟು ಜನ ಬಳಸುತ್ತಾರೋ ಅಷ್ಟಕ್ಕೆ ಮಾತ್ರ ಕೊಳ್ಳಬಹುದು. ಎರಡನೆಯದಾದರೆ ಹೆಸರುಗಳು ಎಷ್ಟಿದ್ದರೂ ಹೆಚ್ಚಿನ ಹಣವಿಲ್ಲ. ಬದಲಾಯಿಸಿಕೊಳ್ಳಬೇಕಾದರೆ ನವೀಕರಣಕ್ಕೆ ಮೊದಲು ಬರೆದು ತಿಳಿಸಬೇಕು.

“ನರ್ಸುಗಳು ಮೂರು ಪಾಳಿ,” ಎಂದರು ಸಾಹೇಬರು. “ವಾರ್ಡಿಗೆ ಕಂಪ್ಯೂಟರ್ ಒಂದೋ ಎರಡೋ. ಬೆಳಗ್ಗೆ ಒಬ್ರು ಕುಂತ್ಕಂತಾರೆ, ಮಧ್ಯಾಹ್ನ ಇನ್ನೊಬ್ರು, ರಾತ್ರಿ ಮತ್ತೊಬ್ರು. ರಜೆ ಮೇಲಿರೋರು, ವಾರದ ರಜೆಯೋರು ಬ್ಯಾರೆ. ನಾವು ಅಷ್ಟೂ ಜನಕ್ಕೆ ಕೊಡ್ತಾ ಬಂದೀವಿ. ಅಲ್ವಾ?”

ಅವರು ಚೀಲದಿಂದ ಇನ್ನೊಂದು ಪುಸ್ತಕ ತೆಗೆದರು. ಪ್ರತಿ ಆಸ್ಪತ್ರೆಯಲ್ಲೂ ಸ್ಟೂಲಿನ ಮೇಲೆ ಕುಳಿತು ಅವರು ಬರೆದದ್ದು ಅದರಲ್ಲಿತ್ತು. ಗಂಟೆಗಂಟೆಗೂ ಎಷ್ಟು ಪರದೆಗಳ ಮುಂದೆ ಜನ ಕುಳಿತಿದ್ದರು ಎಂಬುದು. ಕಂಪ್ಯೂಟರಿನಲ್ಲಿ ನಾನು ತೆಗೆಯಬಹುದಾಗಿದ್ದ, ಒಮ್ಮೆಯೂ ತೆಗೆಯದ ಮಾಹಿತಿಯನ್ನು ಅವರು ಕಣ್ಣಿನಿಂದ ತೆಗೆದಿದ್ದರು. ಕಚೇರಿಗೆ ಹೋದ ಮೇಲೆ ಸಾಫ್ಟ್‌ವೇರಿನ ಲಾಗಿನ್ ದಾಖಲೆ ತೆಗೆದು ಅವರ ಪುಸ್ತಕದೊಂದಿಗೆ ಹೋಲಿಸಿದೆ. ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಬಂದ ಒಂದೆರಡು ಕಡೆ ಪುಸ್ತಕವೇ ಸರಿಯಾಗಿತ್ತು. ಲಾಗಿನ್ ಬಿಟ್ಟು ಎದ್ದುಹೋದವರನ್ನು ಯಂತ್ರ ಇನ್ನೂ ಕುಳಿತಿದ್ದಾರೆಂದೇ ಎಣಿಸಿತ್ತು.

ಡಾಕ್ಟರಮ್ಮ ಕಂಪನಿಯ ಪ್ರತಿನಿಧಿಯನ್ನು ಕರೆಸಿದರು. ಆತ ಸೌಮ್ಯ ಮನುಷ್ಯ. ಸಾಹೇಬರು ಮಡಚಿದ ಪುಟ ತೋರಿಸಿದಾಗ ಒಂದು ಕ್ಷಣ ನೋಡಿ, “ಹೌದು, ಈ ಅವಕಾಶ ಮೊದಲಿಂದಲೂ ಇದೆ. ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ,” ಎಂದರು. ಹೊಸ ಕೊಟೇಶನ್ ಹಳೆಯದರ ಅರ್ಧಕ್ಕೂ ಕಡಿಮೆಗೆ ಬಂತು. ಡಾಕ್ಟರಮ್ಮ ಎದ್ದು ನಿಂತು ಸಾಹೇಬರಿಗೆ ಕೈಮುಗಿದರು.

ಇದನ್ನು ಇಲ್ಲಿಗೆ ನಿಲ್ಲಿಸಿದರೆ ನನಗೆ ಚೆನ್ನಾಗಿರುತ್ತಿತ್ತು. ಆದರೆ ಆಮೇಲೆ ನಾನೊಂದು ತಪ್ಪು ಮಾಡಿದೆ.

ಸಾಹೇಬರ ಲೆಕ್ಕದಲ್ಲಿ ಪ್ರತಿ ಆಸ್ಪತ್ರೆಗೂ ಒಂದೆರಡು ಲೈಸೆನ್ಸ್ ಹೆಚ್ಚಿಗೆ ಇದ್ದವು. ಪಾಳಿ ಬದಲಾಗುವ ಹೊತ್ತು ಹೋಗುವವರೂ ಬರುವವರೂ ಇಬ್ಬರೂ ಒಳಗಿರುತ್ತಾರೆಂದು ಅವರು ನೋಡಿ ಬರೆದದ್ದು. ಅಂತಿಮ ಪಟ್ಟಿ ಟೈಪ್ ಮಾಡುವ ದಿನ ಅವರು ತಂಗಿಯ ಮಗಳ ಮದುವೆಗೆ ರಜೆ ಹಾಕಿದ್ದರು. ನಾನು ಆ ಹೆಚ್ಚಿನವನ್ನು ತೆಗೆದುಹಾಕಿದೆ. ಕಾಲು ಗಂಟೆಯ ಮಾತು, ಕಾಯುತ್ತಾರೆ ಎಂದುಕೊಂಡೆ. ಮೊತ್ತ ಇನ್ನಷ್ಟು ಇಳಿಯಿತು. ಅದನ್ನು ನೋಡಿ ನನಗೆ ಬಹಳ ಹೆಮ್ಮೆಯಾಯಿತು. ಸಾಹೇಬರಿಗೆ ಹೇಳಲಿಲ್ಲ.

ಹೊಸ ವ್ಯವಸ್ಥೆ ಶುರುವಾದ ಮೊದಲ ವಾರ, ಮಧ್ಯಾಹ್ನ ಎರಡು ಗಂಟೆಗೆ, ಒಂದು ಆಸ್ಪತ್ರೆಯಿಂದ ಫೋನ್ ಬಂತು. ನರ್ಸ್ ಒಬ್ಬರ ದನಿ.

“ಮೇಡಂ, ಒಳಗೇ ಬಿಡ್ತಿಲ್ಲ! ಎಲ್ಲಾ ಲೈಸೆನ್ಸ್ ಬಳಕೆಯಲ್ಲಿವೆ ಅಂತ ಬರ್ತೈತೆ. ಇಲ್ಲಿ ಹೆರಿಗೆ ಕೇಸ್ ಬಂದು ನಿಂತೈತೆ, ಹಳೇ ರಿಪೋರ್ಟ್ ಬೇಕು. ಏನ್ ಮಾಡ್ಲಿ?”

ಇಲ್ಲಿಂದಲೇ ಯಾರನ್ನಾದರೂ ಸಾಫ್ಟ್‌ವೇರಿನಿಂದ ಹೊರಗೆ ಹಾಕಬೇಕಿತ್ತು. ಯಾರನ್ನು? ಲ್ಯಾಬಿನವರನ್ನು ಹಾಕಿದರೆ ಅಲ್ಲೇನು ನಡೆಯುತ್ತಿದೆಯೋ ಗೊತ್ತಿಲ್ಲ. ಕೊನೆಗೆ ಗುಮಾಸ್ತರೊಬ್ಬರ ಲಾಗಿನ್ ಸಿಕ್ಕಿತು, ಅದನ್ನು ಮುಚ್ಚಿದೆ. ಎಲ್ಲ ಸೇರಿ ಕಾಲು ಗಂಟೆ. ಅಷ್ಟರಲ್ಲಿ ಆ ನರ್ಸ್ ಓಡಿಹೋಗಿ ಡಾಕ್ಟರರನ್ನು ಕರೆದು, ರಕ್ತ ತೆಗೆದು ಕೈಬರಹದ ಚೀಟಿಯಲ್ಲಿ ಲ್ಯಾಬಿಗೆ ಕಳಿಸಿ, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೇ ನನ್ನೊಂದಿಗೂ ಮಾತಾಡುತ್ತಿದ್ದರು. ತಾಯಿಗೂ ಮಗುವಿಗೂ ಏನೂ ಆಗಲಿಲ್ಲ. ಆದರೆ ಅದು ನನ್ನಿಂದಾಗಿ ಅಲ್ಲ, ಅವರಿಂದಾಗಿ.

ಫೋನ್ ಇಟ್ಟು ನೇರ ಉಗ್ರಾಣಕ್ಕೆ ಹೋದೆ. ಸಾಹೇಬರು ಗ್ಲೂಕೋಸ್ ಬಾಟಲಿಗಳ ಪೆಟ್ಟಿಗೆ ಎಣಿಸುತ್ತಿದ್ದರು. ಎಲ್ಲವನ್ನೂ ಹೇಳಿದೆ. ಅವರು ಎಣಿಕೆ ಮುಗಿಸಿ ಪೆಟ್ಟಿಗೆಯ ಮೇಲೆ ಕುಳಿತರು.

“ವಾರ್ಡಿಗೆ ನಾಕು ಆಕ್ಸಿಜನ್ ಸಿಲಿಂಡರ್ ಬೇಕು ಅಂತಿಟ್ಕ. ನಾಕೇ ತರಿಸ್ತೀವಾ? ಒಂದು ಖಾಲಿ ಆಗಿ ಬದಲಾಯಿಸೋ ಹೊತ್ತಿಗೆ ಇನ್ನೊಂದು ಪಕ್ಕದಾಗೆ ನಿಂತಿರ್ಬೇಕು. ಅದು ದಂಡ ಅಂತ ಯಾರೂ ಅನ್ನಲ್ಲ.”

“ನಿಮ್ಗೆ ಹೇಳ್ದೆ ಮಾಡ್ಬಿಟ್ಟೆ ಸರ್.”

“ಅದೇ ಜಾಸ್ತಿ ಬೇಜಾರಮ್ಮ,” ಅಂದರು. ಎದ್ದು ಚಪ್ಪಲಿ ಮೆಟ್ಟಿಕೊಂಡು, “ನಡಿ, ಮೇಡಂ ಹತ್ರ ಹೋಗಾಣ,” ಅಂದರು.

ಡಾಕ್ಟರಮ್ಮನ ಎದುರು ಅವರು, “ಎಣಿಕೆಯಾಗೆ ನಮ್ಮದೊಂದು ತಪ್ಪಾಗೈತೆ ಮೇಡಂ,” ಎಂದು ಶುರುಮಾಡಿದರು. ನಾನು ನಡುವೆ ಬಾಯಿ ಹಾಕಿ, “ನಮ್ಮದಲ್ಲ ಮೇಡಂ, ನನ್ನದು,” ಅಂದೆ. ಡಾಕ್ಟರಮ್ಮ ಇಬ್ಬರನ್ನೂ ನೋಡಿದರು. ಬೇಕಾದಷ್ಟು ಲೈಸೆನ್ಸುಗಳನ್ನು ಅವತ್ತೇ ಸೇರಿಸಿ ಪತ್ರ ಹೋಯಿತು. ಹಾಗೆ ಸೇರಿಸಿದ ಮೇಲೂ ಖರ್ಚು ಹಿಂದಿನ ವರ್ಷದ ಅರ್ಧ ಮುಟ್ಟಲಿಲ್ಲ. ಉಳಿದದ್ದರಲ್ಲಿ ಲ್ಯಾಬುಗಳಿಗೆ ವರ್ಷವಿಡೀ ದ್ರಾವಣದ ಕೊರತೆ ಬರಲಿಲ್ಲ.

ಹೆಚ್ಚಿನ ಲೈಸೆನ್ಸ್ ಬಂದ ದಿನ, ಫೋನಿನಲ್ಲೇ ಮಾಡಬಹುದಾಗಿದ್ದ ಕೆಲಸಕ್ಕೆ ನಾನೇ ಆ ಆಸ್ಪತ್ರೆಗೆ ಹೋದೆ. ಎರಡು ಗಂಟೆಗೆ ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತೆ. ಬೆಳಗಿನ ಪಾಳಿಯವರು ಇನ್ನೂ ಕುರ್ಚಿಯಿಂದ ಎದ್ದಿರಲಿಲ್ಲ, ಮಧ್ಯಾಹ್ನದವರು ಬಂದು ಪಕ್ಕದ ಪರದೆಯಲ್ಲಿ ಒಳಗೆ ಹೋದರು. ಯಾವ ತಡೆಯೂ ಬರಲಿಲ್ಲ. ಇಬ್ಬರೂ ಅಕ್ಕಪಕ್ಕ ಕುಳಿತು, ಒಂದೊಂದು ಮಂಚದ ಹೆಸರು ತೆಗೆದು, ಯಾರಿಗೆ ನೋವು ಶುರುವಾಗಿದೆ, ಯಾರ ಬಿಪಿ ಮೇಲೇರುತ್ತಿದೆ, ಯಾವ ಮಗು ಹಾಲು ಕುಡಿಯುತ್ತಿಲ್ಲ ಎಂದು ಒಬ್ಬರಿಂದೊಬ್ಬರು ಕೇಳಿಕೊಳ್ಳುತ್ತಿದ್ದರು. ಕೇಳಿಕೊಂಡವರು ಎದ್ದು ಆ ಮಂಚದ ಹತ್ತಿರ ಹೋಗಿ, ಹೆಂಗಸಿನ ಹಣೆ ಮುಟ್ಟಿ ಬಂದು, ಮುಂದಿನ ಹೆಸರಿಗೆ ಕುಳಿತುಕೊಳ್ಳುತ್ತಿದ್ದರು. ಹನ್ನೆರಡು ಮಂಚ. ಒಂದನ್ನೂ ಬಿಡಲಿಲ್ಲ. ಹೀಗೆ ದಿನಕ್ಕೆ ಮೂರು ಸಲ, ವರ್ಷದ ಎಲ್ಲ ದಿನ, ಎಲ್ಲ ಆಸ್ಪತ್ರೆಗಳಲ್ಲೂ ನಡೆಯುತ್ತಿದೆ ಎಂಬುದು ನೆನಪಾಯಿತು.

ಅವತ್ತು ಫೋನ್ ಮಾಡಿದ್ದ ನರ್ಸ್ ನನ್ನನ್ನು ಗುರುತಿಸಿ ಹತ್ತಿರ ಬಂದರು. “ಎಲ್ಲಾ ಸರಿ ಹೋತಲ್ಲ ಮೇಡಂ. ದುರ್ಗದ ಬಸ್ ಹೊರಡೋ ಹೊತ್ತಾತು, ಹೋಗ್ಬರ್ರಿ.”

“ಹೋಗ್ಲಿ ಬಿಡ್ರಿ, ಮುಂದಿನದಕ್ಕೆ ಹೋಗ್ತೀನಿ,” ಅಂದೆ. ಅವರು ಒಂದು ಸ್ಟೂಲು ತಂದಿಟ್ಟು ತಮ್ಮ ಕೆಲಸಕ್ಕೆ ಹೋದರು.